ಬೆಳಗಾವಿಯಲ್ಲಿ ಸಿಕ್ಕ ಶಾಬ್ಲಿ: ದ್ರಾಕ್ಷಿ ತೋಟದವರು ಕುಡಿದು ನೋಡಬೇಕಾದ ಬಿಳಿ ವೈನ್

ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಬೆಲೆ ಮೂರು ಸಾವಿರಕ್ಕೂ ಜಾಸ್ತಿ, ನಿಜ. ಆದರೆ ತಿಕೋಟಾ, ಬಬಲೇಶ್ವರ, ಅಥಣಿ ಕಡೆ ತೋಟ ಇರುವವರು ಒಂದೇ ಒಂದು ಫ್ರೆಂಚ್ ವೈನ್ ಕುಡಿಯುವುದಾದರೆ ಇದನ್ನೇ ಕುಡಿಯಲಿ. ಸಾದಾ ಶಾಬ್ಲಿಯನ್ನು ಹೆಚ್ಚಾಗಿ ಸ್ಟೀಲ್ ಟ್ಯಾಂಕಿನಲ್ಲೇ ಮಾಡುತ್ತಾರೆ. ಮರದ ಪೀಪಾಯಿಯ ವಾಸನೆಯಾಗಲಿ ಸಿಹಿಯಾಗಲಿ ಅಡ್ಡ ಬರುವುದಿಲ್ಲ, ಹಣ್ಣಿನ ಗುಣ ನೇರವಾಗಿ ನಾಲಿಗೆಗೆ ಸಿಗುತ್ತದೆ.

ಗ್ಲಾಸಿನಲ್ಲಿ ತೆಳು ಹಳದಿ, ಅಂಚಿನಲ್ಲಿ ಸ್ವಲ್ಪ ಹಸಿರು. ಮೂಗಿಗೆ ಹಸಿ ಸೇಬು, ಲಿಂಬೆ ಸಿಪ್ಪೆ. ಬಾಯಿಗೆ ಹಾಕಿದ ಕೂಡಲೇ ನಾಲಿಗೆಯ ಎರಡೂ ಬದಿಗೆ ಹುಳಿ ಹಿಡಿಯುತ್ತದೆ, ನುಂಗಿದ ಮೇಲೂ ಬಾಯಲ್ಲಿ ನೀರೂರುತ್ತಲೇ ಇರುತ್ತದೆ. ಈ ಹುಳಿಗೇ ನಾನು ಸೋತೆ.

ಶಾಬ್ಲಿ ಇರುವುದು ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಉತ್ತರದ ತುದಿಯಲ್ಲಿ, ಸೆರೆನ್ ನದಿಯ ಆಚೆ ಈಚೆ. ಬಳಸುವುದು ಶಾರ್ಡನೆ ದ್ರಾಕ್ಷಿ ಮಾತ್ರ. ಅಲ್ಲಿ ಚಳಿ ಜಾಸ್ತಿ, ಹಣ್ಣು ನಿಧಾನ ಮಾಗುತ್ತದೆ, ಸಕ್ಕರೆ ಏರಿದರೂ ಹುಳಿ ಉಳಿಯುತ್ತದೆ. ನಮ್ಮ ಬಿಸಿಲಲ್ಲಿ ಸಕ್ಕರೆ ಏರುವ ಹೊತ್ತಿಗೆ ಹುಳಿ ಇಳಿದುಬಿಡುತ್ತದೆ. ಆ ಚಳಿ ಸುಮ್ನೆ ಬಿಡುವುದೂ ಇಲ್ಲ. ನಾವು ಇಲ್ಲಿ ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮಾಡುವ ಹೊತ್ತಿಗೆ ಅಲ್ಲಿ ಬಳ್ಳಿ ಈಗಷ್ಟೇ ಚಿಗುರು ಒಡೆದಿರುತ್ತದೆ, ಒಂದೇ ರಾತ್ರಿ ಹಿಮ ಬಿದ್ದರೆ ವರ್ಷದ ಬೆಳೆ ಹೋಯಿತು. 2021ರ ಏಪ್ರಿಲ್‌ನಲ್ಲಿ ಹಾಗೇ ಆಗಿ ಭಾರೀ ನಷ್ಟವಾಯಿತು. ಅದಕ್ಕೇ ರಾತ್ರಿಯಿಡೀ ಸಾಲುಗಳ ನಡುವೆ ಬೆಂಕಿ ಹಚ್ಚಿಡುತ್ತಾರೆ, ಇಲ್ಲವೇ ಚಿಗುರಿನ ಮೇಲೆ ನೀರು ಸಿಂಪಡಿಸುತ್ತಾರೆ. ಆ ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖವೇ ಚಿಗುರನ್ನು ಕಾಯುತ್ತದೆ.

ಇನ್ನು ಮಣ್ಣು. ಕಿಮ್ಮರಿಡ್ಜಿಯನ್ ಅನ್ನುವ ಸುಣ್ಣಕಲ್ಲು, ಜೇಡಿ ಬೆರೆತ ನೆಲ, ಸುಮಾರು 15 ಕೋಟಿ ವರ್ಷ ಹಿಂದೆ ಸಮುದ್ರದ ತಳವಾಗಿತ್ತು. ಕಲ್ಲು ಒಡೆದರೆ ಒಳಗೆ ಅಲ್ಪವಿರಾಮದ ಹಾಗೆ ಬಾಗಿದ ಪುಟ್ಟ ಸಿಂಪಿ ಚಿಪ್ಪುಗಳು. ಆ ಚಿಪ್ಪಿನ ರುಚಿಯೇ ವೈನಿಗೆ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಬೇರು ಚಿಪ್ಪಿನ ರುಚಿಯನ್ನು ಹಣ್ಣಿಗೆ ಹೊತ್ತು ತರುವುದಿಲ್ಲ. ಮಣ್ಣಿನ ನಿಜವಾದ ಕೆಲಸ ನೀರಿನದ್ದು: ಜೇಡಿ ತೇವ ಹಿಡಿದಿಡುತ್ತದೆ, ಸುಣ್ಣಕಲ್ಲು ಹೆಚ್ಚಿನದ್ದನ್ನು ಬಸಿದುಬಿಡುತ್ತದೆ. ಆಳವಾದ ಎರಿ ಹೊಲದಲ್ಲಿ ಬಳ್ಳಿ ಬರೀ ಎಲೆ ಹಾಕುತ್ತದೆ, ಗರಸು ನೆಲದಲ್ಲಿ ಹಿಡಿತದಲ್ಲಿ ಇರುತ್ತದೆ ಅಲ್ವಾ, ಲೆಕ್ಕ ಅದೇ.

ಕೊಳ್ಳುವಾಗ ಲೇಬಲ್ ನೋಡಿ. ಪೆಟಿ ಶಾಬ್ಲಿ, ಶಾಬ್ಲಿ, ಪ್ರೀಮಿಯೆ ಕ್ರೂ, ಗ್ರಾಂ ಕ್ರೂ ಅಂತ ಕೆಳಗಿನಿಂದ ಮೇಲಕ್ಕೆ ನಾಲ್ಕು ದರ್ಜೆ. ಗ್ರಾಂ ಕ್ರೂ ಅಂದರೆ ಊರಿನ ಎದುರಿನ ಒಂದೇ ಇಳಿಜಾರು, ಸುಮಾರು 100 ಹೆಕ್ಟೇರ್, ಅದರಲ್ಲೇ ಬೇರೆ ಬೇರೆ ಹೆಸರಿನ ಏಳು ತುಂಡು. ನಾನು ತಂದದ್ದು ಎರಡನೆಯದು, ಸಾದಾ ಶಾಬ್ಲಿ, ಅಷ್ಟು ಸಾಕು.

ಊಟಕ್ಕೆ ಸುರಮಯಿ ಮೀನಿನ ರವಾ ಫ್ರೈ, ಖಾರ ಕಡಿಮೆ ಹಾಕಿಸಿ. ಮಸಾಲೆ ಜಾಸ್ತಿಯಾದರೆ ವೈನ್ ಕಾಣೆ. ಫ್ರಿಜ್‌ನಿಂದ ತೆಗೆದು ಹದಿನೈದು ನಿಮಿಷ ಬಿಟ್ಟು ಸುರಿಯಿರಿ, ತೀರಾ ತಣ್ಣಗಿದ್ದರೆ ವಾಸನೆ ಏಳುವುದಿಲ್ಲ.

ಅಂಗಡಿಯ ಮೇಲೆ ಒಂದು ತಕರಾರು ಇದೆ. ಇಷ್ಟು ಬೆಲೆಯ ಬಾಟಲಿಗಳನ್ನು ಗಾಜಿನ ಪಕ್ಕ ಬಿಸಿಲು ಬೀಳುವಲ್ಲಿ ನಿಲ್ಲಿಸಿದ್ದರು. ಕೇಳಿದ ಮೇಲೆ ಒಳಗಿನ ಎಸಿ ಕೋಣೆಯಿಂದ ಬೇರೆ ತಂದುಕೊಟ್ಟರು. ನೀವೂ ಒಳಗಿನದ್ದನ್ನೇ ಕೇಳಿ.