ಸೋತ ತೋಳಿಗೆ ಮೂರು ಆಸರೆ: ನನಗೆ ಒದಗಿದ್ದು ಅವ್ವನ ಕೌದಿ

ಮೊದಲೇ ಹೇಳಿಬಿಡುತ್ತೇನೆ: ಮೂರರಲ್ಲಿ ನನ್ನ ಕೈಹಿಡಿದದ್ದು ಅವ್ವ ಹಳೆಯ ಸೀರೆಗಳನ್ನು ಕೌದಿಯಂತೆ ಹೊಲಿದುಕೊಟ್ಟ ಜೋಲಿ. ಔಷಧಿ ಅಂಗಡಿಯಲ್ಲಿ ಸ್ಲಿಂಗ್ ಎಂದು ಕೇಳಿದರೆ ಕೊಡುವ 260 ರೂಪಾಯಿಯ ನೀಲಿ ಚೀಲ ಕೆಲವು ತಿಂಗಳು ನಡೆಯಿತು. ಆನ್‌ಲೈನ್‌ನಲ್ಲಿ 2,450 ರೂಪಾಯಿ ಕೊಟ್ಟು ತರಿಸಿದ ಭುಜದ ಬೆಲ್ಟು ಮೂರೇ ವಾರ ನಡೆಯಿತು. ತೋಳಿನ ಮೇಲೆ ಒಂದು ಹುಣ್ಣು ಮಾಡಿಟ್ಟು ಅಲಮಾರಿ ಸೇರಿತು. ನನ್ನಂಥ ತೋಳಿರುವವರು ದುಡ್ಡು ಕಟ್ಟುವ ಮುನ್ನ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ತೋಳಿನ ಸ್ಥಿತಿ ಹೇಳದಿದ್ದರೆ ಈ ಹೋಲಿಕೆ ಯಾರಿಗೂ ಉಪಯೋಗಕ್ಕೆ ಬಾರದು. ನಮ್ಮ ಮನೆಯವರ ಬೈಕಿನ ಹಿಂದೆ ಕುಳಿತು ಕಲಬುರಗಿಯ ರಿಂಗ್ ರಸ್ತೆಯಲ್ಲಿ ಬರುತ್ತಿದ್ದೆವು. ಬಣ್ಣ ಬಳಿಯದ ರಸ್ತೆಯುಬ್ಬು ಕತ್ತಲಲ್ಲಿ ಕಾಣಲಿಲ್ಲ. ನಾನು ಬಲಭುಜದ ಮೇಲೆ ಬಿದ್ದೆ. ತಲೆ ಒಂದು ಕಡೆಗೆ, ಭುಜ ಇನ್ನೊಂದು ಕಡೆಗೆ ಎಳೆದುಹೋದವು. ಎಕ್ಸ್‌ರೇಯಲ್ಲಿ ಮೂಳೆ ನೆಟ್ಟಗಿತ್ತು, ಆದ್ದರಿಂದ ಮೊದಲ ವಾರವೆಲ್ಲ ‘ಮೂಗೇಟು, ಸರಿಹೋಗುತ್ತದೆ’ ಎಂಬ ಮಾತಿನಲ್ಲೇ ಕಳೆಯಿತು. ಎಕ್ಸ್‌ರೇಯಲ್ಲಿ ನರ ಕಾಣುವುದಿಲ್ಲ ಎಂಬುದು ನನಗಾಗಲೀ ಮನೆಯವರಿಗಾಗಲೀ ಗೊತ್ತಿರಲಿಲ್ಲ. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಬೇರುಗಳು ಐದು; ಅವುಗಳಲ್ಲಿ ಮೇಲಿನ ಎರಡು, ಸಿ5 ಮತ್ತು ಸಿ6, ಕೆಟ್ಟಿದ್ದವು. ನಾಲ್ಕನೆಯ ವಾರ ಸೂಜಿ ಚುಚ್ಚಿ ಮಾಡುವ ಇಎಂಜಿ ಪರೀಕ್ಷೆಯಲ್ಲಿ ಅದು ಖಚಿತವಾಯಿತು. ನಾಲ್ಕನೆಯ ತಿಂಗಳಲ್ಲಿ ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು: ಕಿರುಬೆರಳಿನ ಕಡೆಗೆ ಹೋಗುವ ನರದ ಒಂದು ಎಳೆಯನ್ನು ತೆಗೆದು ಮೊಣಕೈ ಮಡಿಸುವ ಸ್ನಾಯುವಿನ ನರಕ್ಕೆ ಜೋಡಿಸಿದರು. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಆ ಲೆಕ್ಕದಲ್ಲೇ ನನ್ನ ಎರಡು ವರ್ಷ ಸರಿದಿದೆ.

ಇಂದು ಬಲಗೈಯ ಬೆರಳುಗಳು ಆಡುತ್ತವೆ, ಮುಷ್ಟಿ ಕಟ್ಟುತ್ತದೆ. ಮೊಣಕೈ ಅರ್ಧದವರೆಗೆ ಮಡಚುತ್ತದೆ. ಭುಜ ಮಾತ್ರ ಏಳುವುದಿಲ್ಲ. ಆಸರೆ ಇಲ್ಲದೆ ಎದ್ದು ನಿಂತರೆ ತೋಳಿನ ಭಾರಕ್ಕೆ ಭುಜದ ಗುಂಡು ತನ್ನ ಗೂಡಿನಿಂದ ಒಂದು ಬೆರಳಷ್ಟು ಕೆಳಗೆ ಜಾರುತ್ತದೆ. ರಟ್ಟೆಯ ಹೊರಮೈ, ಮುಂಗೈಯ ಹೊರಬದಿ, ಹೆಬ್ಬೆರಳು, ತೋರುಬೆರಳು ಇವಿಷ್ಟಕ್ಕೂ ಸ್ಪರ್ಶವಿಲ್ಲ. ವಿಚಿತ್ರವೆಂದರೆ ಏನೂ ತಿಳಿಯದ ಅದೇ ಹೆಬ್ಬೆರಳು ರಾತ್ರಿ ಕೆಂಡದಲ್ಲಿಟ್ಟಂತೆ ಉರಿಯುತ್ತದೆ. ಅದಕ್ಕೆ ಸಾಮಾನ್ಯ ನೋವಿನ ಗುಳಿಗೆ ಹತ್ತುವುದಿಲ್ಲ. ವೈದ್ಯರು ಕೊಟ್ಟ ಗ್ಯಾಬಾಪೆಂಟಿನ್ ತೆಗೆದುಕೊಳ್ಳುತ್ತೇನೆ. ಹಗಲಿನಲ್ಲಿ ತೋಳು ಜೋತುಬಿದ್ದಷ್ಟೂ ರಾತ್ರಿಯ ಉರಿ ಹೆಚ್ಚುತ್ತದೆ. ಆದ್ದರಿಂದ ಆಸರೆ ಎಂಬುದು ನನಗೆ ಅಲಂಕಾರವಲ್ಲ, ನಿದ್ದೆಯ ಪ್ರಶ್ನೆ.

ನಾನು ಆಳಂದ ರಸ್ತೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ, ಸೀರೆ ಉಡುತ್ತೇನೆ, ಎಡಗೈಯಿಂದ ಬೋರ್ಡಿನ ಮೇಲೆ ಬರೆಯುತ್ತೇನೆ. ಮೂರನ್ನೂ ನಾನು ಅಳೆದದ್ದು ಈ ಬದುಕಿನ ಅಳತೆಯಿಂದಲೇ.

ನೀಲಿ ಚೀಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಳೆ ಮುರಿದವರು ಆರು ವಾರ ಹಾಕಿಕೊಂಡು ಬಿಸಾಡುವ ವಸ್ತು ಅದು. ವರ್ಷಗಟ್ಟಲೆ ಹಾಕುವುದಕ್ಕೆ ಮಾಡಿದ್ದಲ್ಲ. 60 ಕಿಲೋ ತೂಗುವವರ ಒಂದು ತೋಳು ಸುಮಾರು ಮೂರು ಕಿಲೋ ಇರುತ್ತದೆ. ಆ ಮೂರು ಕಿಲೋ ಎರಡು ಬೆರಳಗಲದ ಪಟ್ಟಿಯ ಮೂಲಕ ಕುತ್ತಿಗೆಯ ಮೇಲೆ ಕೂರುತ್ತದೆ. ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ತಲೆಯ ಹಿಂಭಾಗ ಸಿಡಿಯುತ್ತಿತ್ತು. ನನ್ನ ನರ ಕೆಟ್ಟಿರುವುದೇ ಕುತ್ತಿಗೆಯ ಬಳಿ, ಭಾರ ಹೊರಿಸುವುದೂ ಅಲ್ಲಿಯೇ. ಪಟ್ಟಿ ತಾಳಿಸರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಚೀಲ ಬೆರಳ ತುದಿಯವರೆಗೂ ಮುಚ್ಚುವುದರಿಂದ ಇದ್ದ ಬೆರಳುಗಳೂ ಕೆಲಸಕ್ಕೆ ಸಿಗುತ್ತಿರಲಿಲ್ಲ.

ಒಂದು ಗುಣ ಮಾತ್ರ ಒಪ್ಪಬೇಕು. ನೀಲಿ ಚೀಲ ಕಂಡರೆ ಜನರಿಗೆ ತಕ್ಷಣ ಅರ್ಥವಾಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ದಾರಿಯ ಬಸ್ಸುಗಳಲ್ಲಿ ಹೆಂಗಸರ ಓಡಾಟ ಹೆಚ್ಚಾಯಿತು. ನನಗದು ಸಂತೋಷವೇ, ಆದರೆ ಸೀಟು ಸಿಗುವುದು ಕಷ್ಟ. ನೀಲಿ ಚೀಲ ಹಾಕಿದ ದಿನ ಯಾರಾದರೂ ಎದ್ದು ‘ಬಾ ತಂಗಿ, ಕೂಡು’ ಎನ್ನುತ್ತಿದ್ದರು. ಬಣ್ಣಬಣ್ಣದ ಕೌದಿ ಜೋಲಿಯನ್ನು ಜನ ಹೆಗಲಚೀಲ ಎಂದುಕೊಳ್ಳುತ್ತಾರೆ. ಈಗ ಅಂಗವಿಕಲರ ಗುರುತಿನ ಚೀಟಿ ತೋರಿಸಿ ಸೀಟು ಕೇಳುತ್ತೇನೆ.

ಇನ್ನು ಬೆಲ್ಟು. ಈಜುಗಾರರ ಉಡುಪಿಗೆ ಬಳಸುವ ದಪ್ಪ ರಬ್ಬರಿನಂಥ ಬಟ್ಟೆ, ನಿಯೋಪ್ರಿನ್, ಅದರಲ್ಲಿ ಮಾಡಿದ್ದು. ರಟ್ಟೆಯನ್ನು ಸುತ್ತುವ ಒಂದು ಪಟ್ಟಿ, ಭುಜವನ್ನು ಮುಚ್ಚುವ ಟೊಪ್ಪಿಗೆಯಂಥ ಭಾಗ, ಅಲ್ಲಿಂದ ಬೆನ್ನ ಮೇಲೆ ಹಾದು ಎಡಗಂಕುಳಿನ ಕೆಳಗಿನಿಂದ ಎದೆಯ ಮೇಲೆ ಬರುವ ಉದ್ದನೆಯ ಪಟ್ಟಿ. ಎಲ್ಲ ಕಡೆ ವೆಲ್ಕ್ರೋ. ನ್ಯಾಯವಾಗಿ ಹೇಳುತ್ತೇನೆ: ಸರಿಯಾಗಿ ಬಿಗಿದಾಗ ಭುಜದ ಗುಂಡನ್ನು ಗೂಡಿನೊಳಕ್ಕೆ ಎತ್ತಿ ಹಿಡಿಯುವುದರಲ್ಲಿ ಕೌದಿ ಇದರ ಸಮಕ್ಕೆ ಬರುವುದಿಲ್ಲ. ಮೊದಲ ದಿನ ಹಾಕಿಕೊಂಡು ಕನ್ನಡಿ ನೋಡಿದಾಗ ಎರಡೂ ಭುಜ ಒಂದೇ ಮಟ್ಟದಲ್ಲಿದ್ದವು. ಎಷ್ಟೋ ತಿಂಗಳ ಮೇಲೆ ಹಾಗೆ ಕಂಡದ್ದು. ಅಂದು ನಾನು ಅತ್ತುಬಿಟ್ಟೆ.

ಆದರೆ ‘ಸರಿಯಾಗಿ ಬಿಗಿದಾಗ’ ಎಂಬಲ್ಲಿಯೇ ತೊಡಕು. ಈ ಬೆಲ್ಟನ್ನು ಒಂದೇ ಕೈಯಿಂದ ಬಿಗಿಯಲು ಆಗುವುದಿಲ್ಲ. ಉದ್ದ ಪಟ್ಟಿಯನ್ನು ಎಡಗೈಯಿಂದ ಎಳೆದರೆ ರಟ್ಟೆಯ ಪಟ್ಟಿಯೇ ಸುತ್ತು ತಿರುಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಇನ್ನೊಂದು ಕೈ ಬೇಕು, ಆ ಇನ್ನೊಂದು ಕೈಯೇ ಬೆಲ್ಟಿನೊಳಗೆ ಜೋತುಬಿದ್ದಿರುತ್ತದೆ. ರಟ್ಟೆಯನ್ನು ಗೋಡೆಗೆ ಒತ್ತಿ ಹಿಡಿದು ಎಳೆದೆ. ಭುಜ ವಾರೆಯಾಗಿ ಕೂತಿತು. ಅಲಮಾರಿಯ ಬಾಗಿಲ ಸಂದಿಯಲ್ಲಿ ಪಟ್ಟಿಯ ತುದಿ ಸಿಕ್ಕಿಸಿ ಮೈ ತಿರುಗಿಸಿದೆ; ವೆಲ್ಕ್ರೋ ಸೀರೆಯ ಸೆರಗಿಗೆ ಕಚ್ಚಿಕೊಂಡು ನೂಲು ಕಿತ್ತಿತು. ಇಪ್ಪತ್ತು ನಿಮಿಷದ ಮೇಲೆ ಬೆವರಿ ಮಂಚದ ಮೇಲೆ ಕುಳಿತಾಗ, ಶಾಲೆಗೆ ಹೊರಟಿದ್ದ ಮಗಳು ಚೀಲ ಕೆಳಗಿಟ್ಟು ಬಂದು ಹಾಕಿಕೊಟ್ಟಳು. ಅವಳಿಗೆ ಹನ್ನೊಂದು ವರ್ಷ. ಅಂದಿನಿಂದ ಅದು ಅವಳ ದಿನದ ಕೆಲಸವಾಯಿತು.

ಮುಂದಿನದೆಲ್ಲ ಇದರಿಂದಲೇ ಹುಟ್ಟಿತು. ಗಂಟೆ ಎರಡು ಗಂಟೆಗೊಮ್ಮೆ ಆಸರೆ ಬಿಚ್ಚಿ ಎಡಗೈಯಿಂದ ಬಲಗೈಯನ್ನು ಎತ್ತಿ, ಮಡಿಸಿ, ಚಾಚಬೇಕು, ಇಲ್ಲವಾದರೆ ಕೀಲು ಬಿಗಿದುಕೊಳ್ಳುತ್ತದೆ ಎಂದು ಫಿಜಿಯೋಥೆರಪಿಯವರು ಒತ್ತಿ ಹೇಳಿದ್ದರು. ಸ್ಪರ್ಶವಿಲ್ಲದ ಚರ್ಮವನ್ನು ದಿನವೂ ಕಣ್ಣಿಂದ ನೋಡಬೇಕು ಎಂದೂ ಹೇಳಿದ್ದರು. ಶಾಲೆಯಲ್ಲಿ ಬೆಲ್ಟು ಬಿಚ್ಚಿದರೆ ಮತ್ತೆ ಹಾಕುವವರು ಯಾರು? ನಮ್ಮಲ್ಲಿರುವ ಇನ್ನೊಬ್ಬ ಶಿಕ್ಷಕಿ ಒಳ್ಳೆಯವರು, ಕೇಳಿದ್ದರೆ ಇಲ್ಲ ಎನ್ನುತ್ತಿರಲಿಲ್ಲ. ಆದರೆ ದಿನಕ್ಕೆ ಮೂರು ಸಲ ಸೆರಗು ಸರಿಸಿ ಕುಪ್ಪಸದ ಮೇಲೆ ಪಟ್ಟಿ ಎಳೆಸಿಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಹಾಕಿದ ಬೆಲ್ಟು ಸಂಜೆ ಐದೂವರೆಯವರೆಗೆ ಮೈಮೇಲೆಯೇ ಇರುತ್ತಿತ್ತು. ಮನೆಗೆ ಬಂದು ಬಿಚ್ಚಿ, ಒರೆಸಿ ಮಲಗಿದರೆ ಸಾಕಾಗಿರುತ್ತಿತ್ತು. ರಟ್ಟೆಯ ಹೊರಬದಿ ಕನ್ನಡಿಯಲ್ಲಿ ನೋಡಿದರೆ ಮಾತ್ರ ಕಾಣುವ ಜಾಗ.

ಅದು ಮಾರ್ಚ್ ತಿಂಗಳು. ನಮ್ಮ ಕಲಬುರಗಿಯ ಬಿಸಿಲನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಯೋಪ್ರಿನ್ ಗಾಳಿಯನ್ನು ಬಿಡುವುದಿಲ್ಲ, ಬೆವರನ್ನು ಹೀರುವುದೂ ಇಲ್ಲ. ಒಳಗೆ ಚರ್ಮ ನೆನೆದು ಮೆತ್ತಗಾಗುತ್ತದೆ, ಮೇಲೆ ಅಂಚು ಉಜ್ಜುತ್ತದೆ. ಆರೋಗ್ಯವಂತ ತೋಳಾಗಿದ್ದರೆ ಮೊದಲ ದಿನವೇ ಉರಿದು ತಿಳಿಸುತ್ತಿತ್ತು. ನನ್ನದು ಏನೂ ಹೇಳಲಿಲ್ಲ. ಮೂರನೆಯ ವಾರ ಬಟ್ಟೆ ಒಗೆಯಲು ಕುಳಿತ ಅವ್ವ, ಕುಪ್ಪಸದ ಬಲತೋಳಿನ ಅಂಚಿನಲ್ಲಿ ಹಳದಿ ಕಲೆ ಕಂಡು ನನ್ನನ್ನು ಬೆಳಕಿಗೆ ಕರೆದಳು. ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಚರ್ಮ ಸುಲಿದು ನೀರು ಒಸರುತ್ತಿತ್ತು. ಅವ್ವ ಬೆರಳಿಟ್ಟು ‘ನೋಯುವುದಿಲ್ಲವೇನೇ?’ ಎಂದಳು. ಅವಳು ಮುಟ್ಟಿದ್ದೂ ನನಗೆ ತಿಳಿದಿರಲಿಲ್ಲ. ಮಾಯಲು ಐದು ವಾರ ಹಿಡಿಯಿತು, ಅಷ್ಟು ದಿನ ರಟ್ಟೆಗೆ ಯಾವ ಪಟ್ಟಿಯನ್ನೂ ಸುತ್ತುವಂತಿರಲಿಲ್ಲ. ಬೆಲ್ಟನ್ನು ಮರಳಿಸುವ ಹತ್ತು ದಿನದ ಗಡುವು ಎಂದೋ ಮುಗಿದಿತ್ತು.

ತಯಾರಿಸಿದವರನ್ನು ದೂರುವುದಿಲ್ಲ. ತಂಪು ಊರಿನಲ್ಲಿ, ಪಕ್ಕದಲ್ಲಿ ಬಿಗಿದು ಬಿಚ್ಚುವವರು ಇರುವ ಮನೆಯಲ್ಲಿ, ಸ್ಪರ್ಶ ಉಳಿದಿರುವ ತೋಳಿಗೆ ಅದು ಒಳ್ಳೆಯದೇ ಇರಬಹುದು. ನನಗೆ ಆ ಮೂರರಲ್ಲಿ ಒಂದೂ ಇರಲಿಲ್ಲ.

ಕೌದಿ ಹುಟ್ಟಿದ್ದು ಆ ಐದು ವಾರಗಳಲ್ಲಿ. ನಾನು ಮೊಣಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂರುತ್ತಿದ್ದದ್ದನ್ನು ಅವ್ವ ನೋಡುತ್ತಿದ್ದಳು. ಒಂದು ದಿನ ನಾಲ್ಕು ಹಳೆಯ ನೂಲಿನ ಸೀರೆ ತೆಗೆದು, ಕೌದಿಗೆ ಹಾಕುವ ಹಾಗೆಯೇ ಪದರದ ಮೇಲೆ ಪದರ ಹಾಸಿ, ಬೆರಳಿನ ಅಂತರದಲ್ಲಿ ಸಾಲುಹೊಲಿಗೆ ಹಾಕತೊಡಗಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬರುವ ತೊಟ್ಟಿಲಿನಂಥದು. ಪಟ್ಟಿ ಹೊಲಿದವರು ನಮ್ಮ ಓಣಿಯಲ್ಲಿ ಕುಪ್ಪಸ ಹೊಲಿಯುವ ಅಕ್ಕ. ಅವರ ಬುದ್ಧಿಯೇ ಇದರ ಜೀವ: ಪಟ್ಟಿ ಕುತ್ತಿಗೆಯ ಹಿಂದೆ ಹೋಗುವುದೇ ಇಲ್ಲ. ಮಣಿಕಟ್ಟಿನ ಕಡೆಯದು ಎದೆಯ ಮೇಲಿಂದ, ಮೊಣಕೈ ಕಡೆಯದು ಬೆನ್ನ ಮೇಲಿಂದ ಓರೆಯಾಗಿ ಬಂದು ಎಡಹೆಗಲ ಮೇಲೆ ಕೂಡುತ್ತವೆ. ಅಲ್ಲಿ ಅಂಗೈಯಗಲದ ಇನ್ನೊಂದು ಕೌದಿ ತುಂಡು. ಭಾರವೆಲ್ಲ ಗಟ್ಟಿಯಿರುವ ಹೆಗಲಿಗೆ.

ಬಕಲ್ ಇಲ್ಲ, ವೆಲ್ಕ್ರೋ ಇಲ್ಲ, ಗಂಟೂ ಇಲ್ಲ. ಮೇಜಿನ ಮೇಲೆ ತೊಟ್ಟಿಲನ್ನು ಇಟ್ಟು, ಎಡಗೈಯಿಂದ ಬಲಗೈಯನ್ನು ಅದರೊಳಗೆ ಮಲಗಿಸಿ, ಪಟ್ಟಿಯಲ್ಲಿ ತಲೆ ತೂರಿಸಿ, ಎದ್ದು ನಿಲ್ಲುತ್ತೇನೆ. ಜಂಗಮರು ಜೋಳಿಗೆ ಹಾಕಿಕೊಂಡಂತೆ. ಅರ್ಧ ನಿಮಿಷದ ಕೆಲಸ. ತರಗತಿ ತರಗತಿಯ ನಡುವೆ ಬಿಚ್ಚಿ ಕೈಯಾಡಿಸಿ ಮತ್ತೆ ಹಾಕುತ್ತೇನೆ. ಮಗಳು ತನ್ನ ಪಾಡಿಗೆ ಶಾಲೆಗೆ ಹೋಗುತ್ತಾಳೆ. ಸೀರೆಯ ಮೇಲೆ ಹಾಕುವುದರಿಂದ ಚರ್ಮಕ್ಕೆ ಏನೂ ಒತ್ತುವುದಿಲ್ಲ, ಸಂಜೆ ತೋಳು ಒಣಗಿರುತ್ತದೆ.

ಬೆರಳುಗಳು ಹೊರಗಿವೆ. ನಾನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಇದನ್ನೇ. ಮೊಣಕೈಗೆ ಆಸರೆ ಸಿಕ್ಕರೆ ಬಲಗೈ ಬೆರಳುಗಳು ಹಾಜರಿ ಪುಸ್ತಕವನ್ನು ಎದೆಗೆ ಆನಿಸಿ ಹಿಡಿಯುತ್ತವೆ, ಎಡಗೈ ಬರೆಯುತ್ತದೆ. ಡಸ್ಟರ್ ಹಿಡಿದು ನಿಲ್ಲುತ್ತವೆ. ನೀಲಿ ಚೀಲದಲ್ಲಿ ಕುಳಿತು ಮರೆತುಹೋಗಿದ್ದ ಬೆರಳುಗಳಿಗೆ ಕೆಲಸ ಸಿಕ್ಕಿತು.

ಮೊದಲನೆಯದು ಕೆಟ್ಟಿತು ಎಂಬುದನ್ನೂ ಹೇಳಬೇಕು. ಮೊಣಕೈ ತುದಿ ತೆರೆದಿದ್ದರಿಂದ ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ತೋಳು ಹಿಂದಕ್ಕೆ ಜಾರುತ್ತಿತ್ತು. ಎರಡನೆಯದರಲ್ಲಿ ಆ ಮೂಲೆಯನ್ನು ಕಾಲುಚೀಲದ ಹಿಮ್ಮಡಿಯಂತೆ ಮುಚ್ಚಿ ಹೊಲಿದರು. ಪಟ್ಟಿಗೆ ನುಣುಪಾದ ನೈಲಾನ್ ಹಾಕಿದರೆ ಹೆಗಲಿಂದ ಜಾರುತ್ತದೆ, ನೂಲಿನದೇ ಬೇಕು. ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಒಣಗಿಸಿ ಕತ್ತರಿಸಬೇಕು. ನಮ್ಮದು ಮೊದಲ ಒಗೆತಕ್ಕೆ ಕುಗ್ಗಿ ಮೊಣಕೈ ಮೇಲೆದ್ದಿತು. ದಾರದ ಗಂಟುಗಳು ಹೊರಮುಖಕ್ಕೆ ಇರಲಿ. ಕೈ ಮೊಣಕೈಗಿಂತ ತುಸು ಮೇಲಿರಬೇಕು, ಇಲ್ಲದಿದ್ದರೆ ಸಂಜೆಗೆ ಬೆರಳು ಊದುತ್ತದೆ.

ಖರ್ಚು: ಪಟ್ಟಿ, ದಾರ 90 ರೂಪಾಯಿ, ಅಕ್ಕನ ಹೊಲಿಗೆ ಕೂಲಿ 150. ಅವ್ವನ ನಾಲ್ಕು ಮಧ್ಯಾಹ್ನಗಳಿಗೆ ನಾನು ಬೆಲೆ ಕಟ್ಟುವುದಿಲ್ಲ.

ಅಡುಗೆಮನೆಯಲ್ಲಿ ಮೂರೂ ಒಂದೇ. ಒಲೆಯ ಮುಂದೆ ಬಲಗೈಯನ್ನು ಹಂಚಿನ ಹತ್ತಿರಕ್ಕೆ ಬಿಡಬಾರದು; ಹೆಬ್ಬೆರಳು ಸುಟ್ಟುಕೊಂಡದ್ದು ವಾಸನೆಯಿಂದ ತಿಳಿದ ದಿನವೊಂದಿದೆ. ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದೇನೆ.

ಎರಡು ಎಚ್ಚರಿಕೆ. ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ವೈದ್ಯರು ಹಾಕಿಸಿದ ಕಟ್ಟನ್ನು ಬಿಟ್ಟು ಇಂಥದಕ್ಕೆ ಕೈ ಹಾಕಬೇಡಿ. ಜೋಡಿಸಿದ ನರ ಎಳೆದರೆ ಮಾಡಿದ್ದೆಲ್ಲ ನೀರಿನ ಪಾಲು. ಐದೂ ಬೇರು ಕೆಟ್ಟು ಮಣಿಕಟ್ಟು ಜೋತುಬಿದ್ದವರಿಗೆ ಈ ತೊಟ್ಟಿಲೊಂದೇ ಸಾಲದು, ಮಣಿಕಟ್ಟಿಗೆ ಬೇರೆ ಪಟ್ಟಿ ಬೇಕಾಗುತ್ತದೆ. ಫಿಜಿಯೋಥೆರಪಿಯವರಿಗೆ ತೋರಿಸಿಯೇ ಹೊಲಿಸಿ. ನನ್ನದನ್ನು ನೋಡಿದವರು ಮೊಣಕೈ ಕೋನವನ್ನು ಸ್ವಲ್ಪ ತಿದ್ದಿಸಿ, ಒಪ್ಪಿದರು.

ಕೌದಿಗೆ ಒಂದು ದೋಷ ಉಳಿದಿದೆ. ನಾಲ್ಕು ಪದರ ನೆನೆದರೆ ಮಳೆಗಾಲದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ಹಸಿ ಕೌದಿಯ ಭಾರ ಹೆಗಲಿಗೆ ತಿಳಿಯುತ್ತದೆ. ಎರಡು ಸಾಲದೆ ಮೂರನೆಯದು ಬೇಕಾಗಿದೆ. ಅದಕ್ಕೆಂದು ಅವ್ವ ತನ್ನ ನೂಲಿನ ಇಳಕಲ್ ಸೀರೆಯೊಂದನ್ನು ನಿನ್ನೆ ನೀರಿಗೆ ಹಾಕಿದ್ದಾಳೆ.