ಗಿನಿಪಿಗ್ ಪಾದದ ಲೆಕ್ಕದಲ್ಲಿ ಯಾವ ಗೂಡು ಸೈ, ಯಾವ ಉಗುರು ಕಟರ್ ಸೈ: ಮೈಸೂರಿನಲ್ಲಿ ಸಿಗುವ ಸಾಮಾನುಗಳ ವಿಮರ್ಶೆ

ಮೈಸೂರಿನ ಪೆಟ್ ಅಂಗಡಿಗಳಲ್ಲಿ ಗಿನಿಪಿಗ್ ಕೊಂಡರೆ ಅದರ ಜೊತೆ ಸಾಮಾನ್ಯವಾಗಿ ತೋರಿಸುವುದು ತಂತಿ ಜಾಲರಿ ತಳದ ಗೂಡು. ಹಿಕ್ಕೆ, ಉಚ್ಚೆ ಎಲ್ಲ ಕೆಳಗಿನ ಟ್ರೇಗೆ ಬೀಳುತ್ತದೆ, ಗುಡಿಸುವ ಕೆಲಸವೇ ಇಲ್ಲ ಅನ್ನುವುದು ಅಂಗಡಿಯವರ ಮಾತು. ಗುಡಿಸುವವರಿಗೆ ಅನುಕೂಲ, ನಿಜ. ಮೊಲದ ಅಂಗಾಲಿಗಾದರೆ ಕೂದಲಿನ ಮೆತ್ತೆ ಇರುತ್ತದೆ. ಗಿನಿಪಿಗ್‌ನದು ಬರೀ ಚರ್ಮ. ಒಂದು ಕೆ.ಜಿ. ಆಸುಪಾಸಿನ ಮೈಭಾರ ಹಗಲೂ ರಾತ್ರಿ ಸಣ್ಣ ತಂತಿಯ ಮೇಲೆ ಕೂತರೆ ಹಿಮ್ಮಡಿ ಕೆಂಪಾಗುತ್ತದೆ, ಜಡ್ಡುಗಟ್ಟುತ್ತದೆ, ಕೊನೆಗೆ ಒಡೆಯುತ್ತದೆ. ಆ ಬಿರುಕಿನಲ್ಲಿ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ನುಗ್ಗಿ ಕೀವಾದರೆ ಅದೇ ಬಂಬಲ್‌ಫುಟ್. ಬಲಿತರೆ ಮೂಳೆಗೂ ಇಳಿಯುತ್ತದೆ. ಜಾಲರಿ ಸಂದಿನಲ್ಲಿ ಬೆರಳು ಸಿಕ್ಕಿ ಉಗುರು ಕಿತ್ತುಬರುವುದು ಬೇರೆ.

ಹಾಗಾಗಿ ಈ ಗೂಡು ಬೇಡ. ಈಗಾಗಲೇ ಕೊಂಡಿದ್ದರೆ ಎಸೆಯಬೇಕಿಲ್ಲ. ಫ್ಲೆಕ್ಸ್ ಬ್ಯಾನರ್ ಮಾಡುವ ಅಂಗಡಿಯಲ್ಲಿ ಸನ್‌ಪ್ಯಾಕ್ ಶೀಟ್, ಅಂದರೆ ಒಳಗೆ ಟೊಳ್ಳು ಗೆರೆಗಳಿರುವ ಹಗುರ ಪ್ಲಾಸ್ಟಿಕ್ ಹಲಗೆ, ಸಿಗುತ್ತದೆ. ಗೂಡಿನ ತಳಕ್ಕಿಂತ ನಾಲ್ಕೂ ಕಡೆ ಮೂರು ಇಂಚು ಹೆಚ್ಚಿಗೆ ಕತ್ತರಿಸಿ, ಅಂಚನ್ನು ಮೇಲಕ್ಕೆ ಮಡಚಿ ತೊಟ್ಟಿಯಂತೆ ಕೂರಿಸಿದರೆ ಜಾಲರಿ ಮುಚ್ಚಿಹೋಗುತ್ತದೆ, ಉಚ್ಚೆಯೂ ಸೋರುವುದಿಲ್ಲ. ಅಳತೆಯ ಕೊರತೆ ಮಾತ್ರ ಉಳಿಯುತ್ತದೆ: ಎರಡು ಗಿನಿಪಿಗ್‌ಗೆ ಕನಿಷ್ಠ 30×36 ಇಂಚು ಜಾಗ ಬೇಕು. ಓಡಾಟವಿಲ್ಲದೆ ಕೂತಲ್ಲೇ ಕೂತರೆ ತೂಕ ಏರುತ್ತದೆ, ಆ ಭಾರವೂ ಹಿಮ್ಮಡಿಯ ಮೇಲೇ. ಗೂಡಿಲ್ಲದೆ ರೆಡ್ ಆಕ್ಸೈಡ್ ನೆಲದ ಮೇಲೆ ಬಿಡುವವರೂ ಇದ್ದಾರೆ. ಅದು ನುಣುಪು, ಹಿಂಗಾಲು ಜಾರುತ್ತದೆ, ಉಚ್ಚೆ ಹೀರುವುದಿಲ್ಲ.

ಇನ್ನು ಹಾಸು. ಸಾಮಿಲ್ಲಿನ ಮರದ ಪುಡಿ ಅಗ್ಗ, ಆದರೆ ಯಾವ ಮರದ್ದೆಂದು ಹೇಳುವವರಿಲ್ಲ. ಸಿಬಿರು ಅಂಗಾಲಿಗೆ, ಧೂಳು ಮೂಗಿಗೆ. ಮಂಡ್ಯ ಕಡೆ ಭತ್ತದ ಹುಲ್ಲು, ಭತ್ತದ ಹೊಟ್ಟು ಕೈಗೆ ಎಟುಕುವಷ್ಟು ಹತ್ತಿರ, ಆದರೆ ಎರಡೂ ಒರಟು, ತುದಿ ಚುಚ್ಚುತ್ತದೆ, ಒದ್ದೆಯಾದರೆ ಬೂಸಲು. ತೆಂಗಿನ ನಾರೂ ಅಷ್ಟೇ. ಚೆನ್ನಾಗಿರುವುದು ಫ್ಲೀಸ್ ಬಟ್ಟೆ (ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್), ಅದರಡಿ ಹಳೆಯ ಟರ್ಕಿ ಟವಲ್ ಎರಡು ಪದರ. ಫ್ಲೀಸ್ ತಾನು ಹೀರುವುದಿಲ್ಲ, ಉಚ್ಚೆಯನ್ನು ಕೆಳಗಿನ ಟವಲ್ಲಿಗೆ ದಾಟಿಸುತ್ತದೆ, ಅದರಿಂದ ಮೇಲ್ಮೈ ಒಣಗಿರುತ್ತದೆ. ಹೊಸದನ್ನು ಹಾಗೇ ಹಾಸಿದರೆ ನೀರು ಹನಿಗಟ್ಟಿ ಮೇಲೇ ನಿಲ್ಲುತ್ತದೆ. ಬಿಸಿನೀರಿನಲ್ಲಿ ಎರಡು ಮೂರು ಸಲ ಒಗೆಯಬೇಕು, ಬಟ್ಟೆ ಮೆದುವಾಗಿಸುವ ಲಿಕ್ವಿಡ್ ಹಾಕಲೇಬಾರದು. ಒಂದು ಚಮಚ ನೀರು ಸುರಿದು ನೋಡಿ. ಇಳಿಯದಿದ್ದರೆ ಮತ್ತೆ ಒಗೆಯಿರಿ. ಮಗುವಿಗೆ ಹಾಸುವ ಡ್ರೈ ಶೀಟ್ ಇದಕ್ಕೆ ಸಿದ್ಧರೂಪದ ಬದಲಿ, ಬಟ್ಟೆ ಅಂಗಡಿಗಳಲ್ಲೇ ಸಿಗುತ್ತದೆ. ಅದರ ದೋಷ ಒಂದೇ: ಅಂಚು ಕಚ್ಚುವ ಚಟದ ಗಿನಿಪಿಗ್ ಆದರೆ ಕೆಳಗಿನ ಪ್ಲಾಸ್ಟಿಕ್ ಪದರ ಹೊಟ್ಟೆ ಸೇರುತ್ತದೆ. ಏನೇ ಹಾಸಿದರೂ ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಬಟ್ಟೆ ಒಣಗುವುದು ತಡ, ಮೂರು ಜೊತೆ ಇಟ್ಟುಕೊಳ್ಳಿ. ಅರೆ ಒಣಗಿದ ಹಾಸು ಜಾಲರಿಗಿಂತ ಬಹಳ ಮೇಲೇನಲ್ಲ.

ಉಗುರು ಕಟರ್‌ಗಳಲ್ಲಿ ಕೊಳ್ಳಬೇಕಾದ್ದು ಬೆಕ್ಕಿಗೆಂದು ಮಾರುವ ಚಿಕ್ಕ ಕತ್ತರಿ ಮಾದರಿ, ಅಲಗಿನಲ್ಲಿ ಅರ್ಧಚಂದ್ರದ ಕಚ್ಚು ಇರುವುದು. ನಾಯಿಗೆ ಬಳಸುವ, ತೂತಿನೊಳಗೆ ಉಗುರು ತೂರಿಸುವ ಕಟರ್ ದಂಡ. ಎಲ್ಲಿ ಕತ್ತರಿಸುತ್ತಿದ್ದೀರಿ ಎಂಬುದೇ ಕಾಣುವುದಿಲ್ಲ. ಮನೆಯ ನೇಲ್ ಕಟರ್ ಅನ್ನು ನಮ್ಮ ಉಗುರಿಗೆ ಹಿಡಿದಂತೆ ಹಿಡಿದರೆ ಉಗುರು ಸೀಳುತ್ತದೆ, ಅಡ್ಡ ತಿರುಗಿಸಿ ಪಕ್ಕಗಳಿಂದ ಒತ್ತಿದರೆ ತುರ್ತಿಗೆ ಆದೀತು. ಬ್ಯಾಟರಿ ಗ್ರೈಂಡರ್ ಸದ್ದಿಗೆ ಪ್ರಾಣಿ ಬೆಚ್ಚುತ್ತದೆ, ಪಾದದ ಕೂದಲೂ ಸುತ್ತಿಕೊಳ್ಳಬಹುದು, ದುಡ್ಡು ದಂಡ.

ಮುಂಗಾಲಿಗೆ ನಾಲ್ಕು ನಾಲ್ಕು, ಹಿಂಗಾಲಿಗೆ ಮೂರು ಮೂರು, ಒಟ್ಟು 14 ಉಗುರು. ಬಿಳಿ ಉಗುರಿನಲ್ಲಿ ನಸುಗೆಂಪು ರಕ್ತನಾಳ ಕಾಣುತ್ತದೆ, ಅದಕ್ಕಿಂತ 2 ಮಿ.ಮೀ. ಮುಂದೆ ನಿಲ್ಲಿಸಿ. ಕರಿ ಉಗುರಾದರೆ ಕೆಳಗಿನಿಂದ ಮೊಬೈಲ್ ಟಾರ್ಚ್ ಹಿಡಿಯಿರಿ, ಆಗಲೂ ಕಾಣದಿದ್ದರೆ ತುದಿಯನ್ನಷ್ಟೇ ಕತ್ತರಿಸಿ. ತಿಂಗಳಿಗೊಮ್ಮೆ ಸಾಕು. ವರ್ಷಗಟ್ಟಲೆ ಬಿಟ್ಟು ಸುರುಳಿಯಾದ ಉಗುರಿನಲ್ಲಿ ರಕ್ತನಾಳವೂ ಮುಂದಕ್ಕೆ ಬೆಳೆದಿರುತ್ತದೆ. ಒಂದೇ ಸಲ ಗಿಡ್ಡ ಮಾಡದೆ ವಾರಕ್ಕಿಷ್ಟು ಕತ್ತರಿಸುತ್ತಾ ಬಂದರೆ ಅದು ಹಿಂದೆ ಸರಿಯುತ್ತದೆ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಎರಡು ನಿಮಿಷ ಹಿಡಿಯಿರಿ. ಅದಕ್ಕೆಂದೇ ಮಾರುವ ಸ್ಟಿಪ್ಟಿಕ್ ಪುಡಿ ಬೇಗ ನಿಲ್ಲಿಸುತ್ತದೆ, ಉರಿಯೂ ಹೆಚ್ಚು. ಮುಂಗಾಲಿನ ಹೊರ ಅಂಚಿನಲ್ಲಿ ಒಣ ಚರ್ಮ ಮುಳ್ಳಿನಂತೆ ಚಾಚಿದ್ದರೆ ಗಾಬರಿ ಬೇಡ, ಅದು ರೋಗವಲ್ಲ. ಬೆಚ್ಚನೆ ನೀರಿನಲ್ಲಿ ನೆನೆಸಿ ಒಣ ತುದಿಯನ್ನಷ್ಟೇ ಕತ್ತರಿಸಬಹುದು, ಬುಡದ ಹತ್ತಿರ ಹೋದರೆ ರಕ್ತ.

ಪಾದ ನೋಡುವುದು ವಾರಕ್ಕೊಮ್ಮೆ. ಒಂದು ಕೈ ಎದೆಯಡಿ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ ಕೊಟ್ಟು, ನಿಮ್ಮ ಹೊಟ್ಟೆಗೆ ಅದರ ಬೆನ್ನು ಒರಗುವಂತೆ ಕೂರಿಸಿಕೊಂಡರೆ ನಾಲ್ಕೂ ಅಂಗಾಲು ಎದುರಿಗೆ ಬರುತ್ತವೆ. ಮೊದಲು ಹಿಂಗಾಲಿನ ಹಿಮ್ಮಡಿ. ಹುಟ್ಟಿನಿಂದ ಕಪ್ಪು ಅಂಗಾಲಿದ್ದರೆ ಕೆಂಪು ಕಾಣದು, ಬೆರಳಿಟ್ಟು ಬಿಸಿ, ಊತ ನೋಡಿ, ಎಡಬಲ ಹೋಲಿಸಿ. ಬೆರಳ ಸಂದಿಯಲ್ಲಿ ದಾರ, ಕೂದಲು ಸುತ್ತಿಕೊಂಡಿದೆಯೇ ನೋಡಿ. ಅದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕವನ್ನೂ ಬರೆದಿಡಿ.

ಬರೀ ಕೆಂಪಾಗಿದ್ದರೆ ಹಾಸು ಬದಲಿಸುವುದೇ ಮುಖ್ಯ ಮದ್ದು. ನಾಯಿಗೆಂದು ಮಾರುವ ಪಾದದ ಸ್ಪ್ರೇ, ಮುಲಾಮು ಬೇಡ, ನೆಕ್ಕಿಬಿಡುತ್ತದೆ. ಮೆಡಿಕಲ್ ಅಂಗಡಿಯ 10% ಪೊವಿಡೋನ್ ಅಯೋಡಿನ್ 1 ಮಿ.ಲೀ.ಗೆ 10 ಮಿ.ಲೀ. ನೀರು ಬೆರೆಸಿ ಹತ್ತಿಯಲ್ಲಿ ಒತ್ತಿ, ಪೂರ್ತಿ ಒರೆಸಿ ಒಣಗಿಸಿ. ಅರಿಶಿನ ಹಚ್ಚುವ ಅಜ್ಜಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಹಚ್ಚಿದ ಮೇಲೆ ಕೆಂಪು ಹೆಚ್ಚಾಯಿತೋ ಕಡಿಮೆಯಾಯಿತೋ ಗೊತ್ತಾಗುವುದೇ ಇಲ್ಲ. ಕೊಬ್ಬರಿ ಎಣ್ಣೆ ಫ್ಲೀಸ್‌ಗೆ ಅಂಟಿ ಹಾಸನ್ನೇ ಕೆಡಿಸುತ್ತದೆ.

ನೀರಿಗೆ ಹಾಕುವ ವಿಟಮಿನ್ ಸಿ ಡ್ರಾಪ್ಸ್ ಕೂಡ ಕೊಳ್ಳಬೇಡಿ. ಬೆಳಕಿಗೆ, ಗಾಳಿಗೆ ಸತ್ವ ಹೋಗುತ್ತದೆ, ರುಚಿ ಹಿಡಿಸದೆ ನೀರು ಕುಡಿಯುವುದೇ ಕಡಿಮೆಯಾಗುತ್ತದೆ. ಗಿನಿಪಿಗ್ ಮೈ ನಮ್ಮಂತೆಯೇ ವಿಟಮಿನ್ ಸಿ ತಯಾರಿಸಿಕೊಳ್ಳದು. ಕೆ.ಜಿ. ತೂಕಕ್ಕೆ ದಿನಕ್ಕೆ 10ರಿಂದ 30 ಮಿ.ಗ್ರಾಂ ಬೇಕು, ಕೊರತೆಯಾದರೆ ಚರ್ಮದ ಗಾಯ ಮಾಯುವುದಿಲ್ಲ. ದೇವರಾಜ ಮಾರುಕಟ್ಟೆಯ ಹಸಿರು ದಪ್ಪ ಮೆಣಸಿನಕಾಯಿ 100 ಗ್ರಾಂನಲ್ಲಿ ಸುಮಾರು 80 ಮಿ.ಗ್ರಾಂ ಇದೆ, ದಿನಕ್ಕೆ 25 ಗ್ರಾಂ ಕೊಟ್ಟರೆ ಲೆಕ್ಕ ತುಂಬಿತು.

ಹಕ್ಕಳೆ ಕಟ್ಟಿದ್ದರೆ, ಊದಿದ್ದರೆ, ಕುಂಟುತ್ತಿದ್ದರೆ ಮನೆಮದ್ದು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಹಕ್ಕಳೆ ಕೀಳಬೇಡಿ. ಹಸು, ನಾಯಿ ನೋಡುವ ಎಲ್ಲರಿಗೂ ಗಿನಿಪಿಗ್ ಅಭ್ಯಾಸವಿರುವುದಿಲ್ಲ, ಫೋನಿನಲ್ಲೇ ಕೇಳಿಕೊಂಡು ಹೋಗಿ. ಮನೆಯಲ್ಲಿ ಮಿಕ್ಕ ಅಮಾಕ್ಸಿಸಿಲಿನ್ ಸಿರಪ್ ಬಾಯಿಗೆ ಹಾಕಲೇಬೇಡಿ: ಪೆನಿಸಿಲಿನ್ ಜಾತಿಯ ಆ ಆಂಟಿಬಯಾಟಿಕ್, ಹಾಗೇ ಕ್ಲಿಂಡಾಮೈಸಿನ್, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಪ್ರಾಣಿಯನ್ನೇ ತೆಗೆದುಬಿಡಬಹುದು. ನೋವಿಗೆ ಮೇವು ಬಿಟ್ಟು ಅರ್ಧ ದಿನವಾಗಿದ್ದರೆ ನಾಳೆಗೆ ಇಡದೆ ಅವತ್ತೇ ಕರೆದೊಯ್ಯಿರಿ.