ಬಾನೆಟ್ ಕೆಳಗೆ ಎಲ್‌ಇಡಿ ಸ್ಟ್ರಿಪ್: ಪಿಕಪ್‌ಗೆ ನಾನೇ ಹಾಕಿ ಎಂಟು ತಿಂಗಳಾಯಿತು

ನಾನು ಕೋಲಾರ ತಾಲ್ಲೂಕಿನ ವೇಮಗಲ್ ಕಡೆಯವನು. ಸ್ವಂತ ಪಿಕಪ್ ಇದೆ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಲೋಡ್ ಮಾಡಿಕೊಂಡು ಚೆನ್ನೈ ಕೋಯಂಬೇಡಿಗೆ ಹೋಗುತ್ತೇನೆ. 15 ಕೆ.ಜಿ. ಬಾಕ್ಸುಗಳು ಸಂಜೆ ಗಾಡಿಗೆ ಹತ್ತುತ್ತವೆ, ರಾತ್ರಿಯೆಲ್ಲಾ ಓಟ. ಹಾಗಾಗಿ ನಾನು ಬಾನೆಟ್ ಎತ್ತುವುದು ಹೆಚ್ಚಾಗಿ ಕತ್ತಲಲ್ಲೇ.

ಹೋದ ವರ್ಷ ಆಷಾಢದಲ್ಲಿ ಒಂದು ರಾತ್ರಿ, ನಂಗಲಿ ದಾಟಿ ಸ್ವಲ್ಪ ದೂರ ಹೋಗಿದ್ದೆ ಅಷ್ಟೇ, ಟೆಂಪರೇಚರ್ ಮುಳ್ಳು ಮೇಲಕ್ಕೆ ಏರತೊಡಗಿತು. ಗಾಡಿ ಪಕ್ಕಕ್ಕೆ ಹಾಕಿದೆ, ಇಂಜಿನ್ ಆರಲಿ ಅಂತ ಕಾದೆ, ಬಾನೆಟ್ ಎತ್ತಿದೆ. ಫೋನನ್ನು ಹಲ್ಲಲ್ಲಿ ಕಚ್ಚಿಕೊಂಡು ಅದರ ಟಾರ್ಚ್ ಬೆಳಕಲ್ಲಿ ಹುಡುಕಿದೆ. ರೇಡಿಯೇಟರಿನ ಮೇಲಿನ ಹೋಸ್ ಹತ್ತಿರ ಕ್ಲಿಪ್ ಸಡಿಲವಾಗಿ ಕೂಲೆಂಟ್ ಹನಿ ಹನಿಯಾಗಿ ಬೀಳುತ್ತಿತ್ತು. ಬಿಗಿ ಮಾಡಲು ಎರಡು ನಿಮಿಷ ಸಾಕಾಯಿತು. ಆದರೆ ಅದು ಕಣ್ಣಿಗೆ ಬೀಳಲು ಇಪ್ಪತ್ತು ನಿಮಿಷ ಹಿಡಿಯಿತು. ಹಿಂದೆ ಟೊಮೆಟೊ, ಮುಂದೆ ಕತ್ತಲು, ಪಕ್ಕದಲ್ಲಿ ಬುಸ್ ಅಂತ ಹೋಗುವ ಲಾರಿಗಳು. ಬಾನೆಟ್ ಒಳಗೇ ಒಂದು ಲೈಟು ಇರಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಸ್ಟ್ರಿಪ್ ಎರಡು ಸಲ ಕೊಂಡೆ. ಮೊದಲನೆಯದರ ಕಥೆ ಮೊದಲು ಹೇಳುತ್ತೇನೆ. ಯಾಕೆಂದರೆ ಬಹಳ ಜನ ಅದನ್ನೇ ಕೊಳ್ಳುತ್ತಾರೆ.

ಅದು ಊರಲ್ಲೇ ಒಂದು ಅಂಗಡಿಯಲ್ಲಿ ಸಿಕ್ಕ 5 ಮೀಟರ್ ರೋಲ್. 250 ರೂಪಾಯಿ. ವಾಟರ್‌ಪ್ರೂಫ್ ಅಂದರು. ನೋಡಿದರೆ ಎಲ್‌ಇಡಿಗಳ ಮೇಲೆ ಮಾತ್ರ ತೆಳುವಾಗಿ ಅಂಟಿನಂಥ ಪದರ ಹೊಯ್ದಿದ್ದರು, ಹಿಂಭಾಗದಲ್ಲಿ ಗಮ್ ಟೇಪ್. ಬಾನೆಟ್ ಒಳಭಾಗ ಒರೆಸಿ ಅಂಟಿಸಿದೆ. ಮೊದಲ ವಾರ ಚೆನ್ನಾಗಿತ್ತು. ಮೂರನೇ ವಾರ ಒಂದು ಬೆಳಗ್ಗೆ ಆಯಿಲ್ ನೋಡಲು ಬಾನೆಟ್ ಎತ್ತಿದರೆ ಸ್ಟ್ರಿಪ್ಪಿನ ಒಂದು ತುದಿ ಕಳಚಿ, ಫ್ಯಾನ್ ಬೆಲ್ಟಿಗೆ ನಾಲ್ಕು ಬೆರಳು ದೂರದಲ್ಲಿ ನೇತಾಡುತ್ತಿತ್ತು. ಎದೆ ಧಸಕ್ಕೆಂದಿತು. ಇಂಜಿನ್ ಬಿಸಿಗೆ ಆ ಗಮ್ ಕರಗಿ ಜಿಗುಟಾಗಿ ಬೆರಳಿಗೆ ಮೆತ್ತುತ್ತಿತ್ತು. ಮನೆ ಗೋಡೆಗೆ, ದೇವರ ಗೂಡಿಗೆ ಆ ಟೇಪ್ ಸಾಕು. ಬಾನೆಟ್ಟಿಗೆ ಅದನ್ನು ನಂಬಲೇಬೇಡಿ.

ಎರಡನೆಯದನ್ನು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ತಂದೆ. ಇಡೀ ಸ್ಟ್ರಿಪ್ ಸಿಲಿಕೋನ್ ಕೊಳವೆಯೊಳಗೆ ಇರುತ್ತದೆ, ಮುಟ್ಟಿದರೆ ರಬ್ಬರಿನ ಹಾಗೆ ಬಾಗುತ್ತದೆ. 12 ವೋಲ್ಟ್, 2835 ಎಂಬ ನಂಬರಿನ ಎಲ್‌ಇಡಿ, ಮೀಟರಿಗೆ 60. ಒಂದು ಮೀಟರ್ 4.8 ವ್ಯಾಟ್ ತಿನ್ನುತ್ತದೆ, ಅಂದರೆ 0.4 ಆಂಪಿಯರ್. 5050 ನಂಬರಿನದೂ ಇತ್ತು. ಅದಕ್ಕೆ ಬೆಳಕು ಜಾಸ್ತಿ, ಆದರೆ ಮೀಟರಿಗೆ 14.4 ವ್ಯಾಟ್, ಬಿಸಿಯೂ ಜಾಸ್ತಿ. ಬಾನೆಟ್ ಒಳಗೆ ಇರುವ ಬಿಸಿಯೇ ಸಾಕು ಅಲ್ವಾ? ಬಣ್ಣ ಬಿಳಿಯೇ ತೆಗೆದುಕೊಂಡೆ. ಹಳದಿ ಬೆಳಕಲ್ಲಿ ಆಯಿಲ್ ಜಿನುಗಿದ್ದು, ಕೂಲೆಂಟ್ ಜಿನುಗಿದ್ದು ಎರಡೂ ಒಂದೇ ಥರ ಕಾಣುತ್ತವೆ. ಕೆಂಪು, ನೀಲಿ ಅಂತೂ ಬೇಡವೇ ಬೇಡ. ಗ್ರಿಲ್ಲಿನಿಂದ ಮುಂದಕ್ಕೆ ಕೆಂಪು ಬೆಳಕು ಬಿದ್ದರೆ ಅದು ಕಾನೂನಿಗೂ ವಿರುದ್ಧ.

ಫಿಟ್ಟಿಂಗ್ ಮಾಡುವ ಮುಂಚೆ ಕೋಲಾರ ಬಸ್ ಸ್ಟ್ಯಾಂಡ್ ಕಡೆ ನಾನು ಯಾವಾಗಲೂ ಹೋಗುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ವಯಸ್ಸಾದವರು. ಸ್ಟ್ರಿಪ್ಪನ್ನು ನೋಡಲೂ ಇಲ್ಲ. "ಲೈಟು ಆಮೇಲಪ್ಪಾ. ಫ್ಯೂಸ್ ಎಲ್ಲಿ ಹಾಕ್ತೀಯ, ಅದು ಹೇಳು ಮೊದಲು" ಅಂದರು. ಬ್ಯಾಟರಿಯಿಂದ ನೇರವಾಗಿ ಎಳೆದ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬ್ಯಾಟರಿಯ ಅಷ್ಟೂ ಕರೆಂಟ್ ಆ ಸಣ್ಣ ವೈರಲ್ಲೇ ನುಗ್ಗುತ್ತದೆ. ವೈರೇ ಕಾದು ಹತ್ತಿಕೊಳ್ಳುತ್ತದೆ. ಅದಕ್ಕೇ ಪಾಸಿಟಿವ್ ಟರ್ಮಿನಲ್ಲಿಂದ ಒಂದು ಗೇಣು ದೂರದೊಳಗೇ ಫ್ಯೂಸ್ ಹೋಲ್ಡರ್ ಹಾಕಿದೆ, 2 ಆಂಪಿಯರ್ ಫ್ಯೂಸ್. ಕೆಲಸ ಶುರು ಮಾಡುವಾಗ ನೆಗೆಟಿವ್ ಟರ್ಮಿನಲ್ ಮೊದಲು ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿದ ಕೂಡಲೇ ಕಿಡಿ.

ಸ್ವಿಚ್ಚಿಗೆ ಅವರು ಕೊಟ್ಟ ಉಪಾಯ ನನಗೆ ತುಂಬಾ ಹಿಡಿಸಿತು. ಬಾಗಿಲು ತೆರೆದರೆ ಕ್ಯಾಬಿನ್ ಲೈಟ್ ಹತ್ತುತ್ತದಲ್ಲ, ಅದೇ ಡೋರ್ ಸ್ವಿಚ್. ಬಾನೆಟ್ ಮುಚ್ಚಿದಾಗ ಅದರ ಕಡ್ಡಿ ಒಳಗೆ ಒತ್ತಿಕೊಂಡು ಲೈಟ್ ಆರುತ್ತದೆ, ಎತ್ತಿದರೆ ಹತ್ತುತ್ತದೆ. ಸ್ಟ್ರಿಪ್ಪಿನ ನೆಗೆಟಿವ್ ವೈರ್ ಸ್ವಿಚ್ಚಿಗೆ ಕೊಟ್ಟರೆ ಸಾಕು, ಸ್ವಿಚ್ಚೇ ಬಾಡಿ ಅರ್ತ್ ಕೊಡುತ್ತದೆ. ಸ್ವಿಚ್ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಬರೀ ತಗಡು ಕಾಣುವ ಹಾಗೆ ಮಾಡಬೇಕು, ಇಲ್ಲದಿದ್ದರೆ ಅರ್ತ್ ಸಿಗುವುದಿಲ್ಲ. ನನಗೆ ಮೊದಲ ಸಲ ಲೈಟ್ ಹತ್ತದೇ ಇದ್ದದ್ದು ಇದರಿಂದಲೇ. ಪ್ಲಸ್ಸು ಮೈನಸ್ಸು ಅದಲುಬದಲಾದರೂ ಎಲ್‌ಇಡಿ ಉರಿಯುವುದಿಲ್ಲ. ಗಾಬರಿಯಾಗಬೇಡಿ, ತಿರುಗಿಸಿ ಕೊಡಿ.

ಸ್ವಿಚ್ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು. ಫೋನಿನಲ್ಲಿ ವಿಡಿಯೋ ಆನ್ ಮಾಡಿ ಇಂಜಿನ್ ಮೇಲೆ ಒಂದು ಸಮತಟ್ಟಾದ ಜಾಗದಲ್ಲಿಟ್ಟು ಬಾನೆಟ್ ಮುಚ್ಚಿ, ಹತ್ತು ಸೆಕೆಂಡ್ ಬಿಟ್ಟು ತೆಗೆದು ನೋಡಿ. ನನ್ನ ಮೊದಲ ವಿಡಿಯೋದಲ್ಲಿ ಬಾನೆಟ್ ಮುಚ್ಚಿದ ಮೇಲೂ ಒಳಗೆ ಬೆಳ್ಳಗೆ ಬೆಳಕಿತ್ತು! ಕಡ್ಡಿ ಪೂರ್ತಿ ಒತ್ತಿಕೊಂಡಿರಲಿಲ್ಲ. ಕೆಳಗೆ ಒಂದು ವಾಷರ್ ಕೊಟ್ಟು ಸ್ವಿಚ್ಚನ್ನು ಎತ್ತರಿಸಿದ ಮೇಲೆ ಸರಿಹೋಯಿತು. ಹೀಗೆ ಲೈಟ್ ಉರಿಯುತ್ತಲೇ ಇದ್ದರೆ ಒಂದು ರಾತ್ರಿಗೆ ಬ್ಯಾಟರಿಯಿಂದ ಹೋಗುವುದು ನಾಲ್ಕು ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಚಾರ್ಜಿನ ಅಳತೆ) ಅಷ್ಟೇ, ಗೊತ್ತೂ ಆಗುವುದಿಲ್ಲ. ಆದರೆ ಟೊಮೆಟೊ ಇಲ್ಲದ ದಿನಗಳಲ್ಲಿ ಗಾಡಿ ನಾಲ್ಕು ದಿನ ಮನೆ ಮುಂದೆ ನಿಂತರೆ 38 ಎಎಚ್ ಖಾಲಿ.

ಜಾಗದ ವಿಷಯದಲ್ಲೂ ಒಂದು ತಪ್ಪು ಮಾಡಿ ತಿದ್ದಿಕೊಂಡೆ. ಒಂದು ಮೀಟರ್ ಸ್ಟ್ರಿಪ್ಪನ್ನು ಬಾನೆಟ್ಟಿನ ಮುಂದಿನ ಅಂಚಿಗೆ ಉದ್ದಕ್ಕೆ ಕಟ್ಟಿದ್ದೆ. ಬಗ್ಗಿದರೆ ನನ್ನ ತಲೆಯ ನೆರಳೇ ಇಂಜಿನ್ ಮೇಲೆ. ಆಮೇಲೆ ಅರ್ಧ ಅರ್ಧ ಮೀಟರ್ ಕತ್ತರಿಸಿ ಎಡಕ್ಕೊಂದು ಬಲಕ್ಕೊಂದು ಹಾಕಿದೆ. ಒಂದು ಕಡೆಯ ನೆರಳನ್ನು ಇನ್ನೊಂದು ಕಡೆಯ ಬೆಳಕು ಅಳಿಸುತ್ತದೆ. ಈ ಸ್ಟ್ರಿಪ್ಪಿನಲ್ಲಿ ಮೂರು ಎಲ್‌ಇಡಿಗೊಮ್ಮೆ, ಅಂದರೆ 5 ಸೆಂ.ಮೀ.ಗೆ ಒಂದು ಕತ್ತರಿ ಗುರುತಿದೆ. ಅಲ್ಲಿ ಮಾತ್ರ ಕತ್ತರಿಸಬೇಕು. ಕತ್ತರಿಸಿದ ತುದಿಗೆ ಕ್ಯಾಪ್ ಹಾಕಿ ಸಿಲಿಕೋನ್ ಪೇಸ್ಟ್ ತುಂಬಿ ಒಂದು ದಿನ ಒಣಗಲು ಬಿಡಿ, ಇಲ್ಲದಿದ್ದರೆ ಸರ್ವೀಸ್ ಮಾಡಿಸುವಾಗ ಅಲ್ಲಿಂದಲೇ ನೀರು ಹೋಗುತ್ತದೆ. ಕಟ್ಟಿದ್ದು ಕೇಬಲ್ ಟೈನಲ್ಲಿ. ಬಾನೆಟ್ ಒಳಗಿನ ಪಟ್ಟಿಯಲ್ಲಿ ಕಂಪನಿಯಿಂದಲೇ ಬಂದ ತೂತುಗಳಿವೆ, ಹೊಸದಾಗಿ ಡ್ರಿಲ್ ಮಾಡಬೇಕಿಲ್ಲ. ಸೈಲೆನ್ಸರ್ ಪೈಪ್, ಟರ್ಬೊ ಇರುವ ಕಡೆ ಹೋಗಬೇಡಿ. ಬಾನೆಟ್ ಹಿಂಜಿನ ಹತ್ತಿರ ವೈರನ್ನು ಸ್ವಲ್ಪ ಸಡಿಲ ಬಿಡಿ, ಬಾನೆಟ್ ಪೂರ್ತಿ ಎತ್ತಿದಾಗ ಜಗ್ಗಬಾರದು.

ರೋಲ್, ಫ್ಯೂಸ್, ಸ್ವಿಚ್, ವೈರ್, ಸ್ಲೀವ್, ಟೈ ಎಲ್ಲಾ ಸೇರಿ ನನಗೆ ಹೆಚ್ಚುಕಡಿಮೆ 800 ರೂಪಾಯಿ ಬಿತ್ತು. ಒಂದು ಭಾನುವಾರ ಮಧ್ಯಾಹ್ನದ ಕೆಲಸ.

ಎಂಟು ತಿಂಗಳಲ್ಲಿ ಒಂದು ಮಳೆಗಾಲ, ನಾಲ್ಕು ವಾಟರ್ ಸರ್ವೀಸ್ ಆಗಿದೆ. ಒಂದು ಎಲ್‌ಇಡಿಯೂ ಆರಿಲ್ಲ. ಸಿಲಿಕೋನ್ ಕೊಳವೆ ಮಾತ್ರ ಧೂಳು ಹಿಡಿದು ಮಂಕಾಗುತ್ತದೆ, ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಇಂಜಿನ್ ಓಡುವಾಗ ಚಾರ್ಜಿಂಗ್ 14 ವೋಲ್ಟ್ ದಾಟುವುದರಿಂದ ಬೆಳಕು ಸ್ವಲ್ಪ ಜೋರಾಗುತ್ತದೆ, ಬಿಸಿಯೂ ಏರುತ್ತದೆ. ಹಾಗಾಗಿ ಇಂಜಿನ್ ಓಡಿಸಿಕೊಂಡು ಅರ್ಧ ಗಂಟೆ ಬಾನೆಟ್ ಎತ್ತಿಟ್ಟುಕೊಂಡು ಕೆಲಸ ಮಾಡುವವರಿಗೆ ಇದಕ್ಕಿಂತ ಕೈಯಲ್ಲಿ ಹಿಡಿಯುವ ವರ್ಕ್ ಲೈಟೇ ಮೇಲು. ಇಂಜಿನ್ ಕೆಳಗಿನ ಆಯಿಲ್ ಸಂಪ್, ಗೇರ್‌ಬಾಕ್ಸ್ ಕಡೆ ಇದರ ಬೆಳಕು ಹೋಗುವುದೂ ಇಲ್ಲ, ಅದಕ್ಕೆ ಟಾರ್ಚ್ ಬೇಕೇ ಬೇಕು.

ಆದರೆ ದಿನಾ ನೋಡುವುದಕ್ಕೆ ಇದರಷ್ಟು ಉಪಕಾರ ಇನ್ನೊಂದಿಲ್ಲ. ಈಗ ಮುಳಬಾಗಿಲಲ್ಲಿ ಟೀಗೆ ನಿಂತಾಗೆಲ್ಲಾ ಬಾನೆಟ್ ಎತ್ತುತ್ತೇನೆ. ಎರಡೂ ಕೈ ಖಾಲಿ. ಡಿಪ್‌ಸ್ಟಿಕ್ ಎಳೆದು ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿ ತೆಗೆದರೆ, ಎರಡು ಗುರುತಿನ ನಡುವೆ ಆಯಿಲ್ ಎಲ್ಲಿಗೆ ನಿಂತಿದೆ ಅನ್ನುವುದು ಗೆರೆ ಎಳೆದ ಹಾಗೆ ಕಾಣುತ್ತದೆ. ಮುಂಚೆ ಸುಮ್ನೆ ಅಂದಾಜಲ್ಲಿ ಹೋಗುತ್ತಿದ್ದೆ. ಹೋದ ತಿಂಗಳು ಬೆಲ್ಟಿನ ಒಳಮೈಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿದ್ದೂ ಹೀಗೇ, ಲೋಡ್ ಆಗುವ ಮುಂಚೆ, ಮಾರ್ಕೆಟ್ಟಿನ ಹೊರಗೆ. ಅವತ್ತೇ ಬೆಲ್ಟ್ ಬದಲಾಯಿಸಿದೆ.

ದೊಡ್ಡ ಲಾರಿ ಇಟ್ಟವರಿಗೆ ಒಂದು ಮಾತು. ನಿಮ್ಮದು 24 ವೋಲ್ಟ್. ಈ 12 ವೋಲ್ಟ್ ಸ್ಟ್ರಿಪ್ ನೇರವಾಗಿ ಕೊಟ್ಟರೆ ಸುಟ್ಟುಹೋಗುತ್ತದೆ. 24 ವೋಲ್ಟಿನದೇ ಕೇಳಿ ತೆಗೆದುಕೊಳ್ಳಿ.

ನನ್ನ ರೋಲಿನಲ್ಲಿ ಉಳಿದಿದ್ದರಲ್ಲಿ ಒಂದು ಮೀಟರ್ ನಮ್ಮ ಮಾವನ ಪಿಕಪ್ಪಿಗೆ ಹಾಕಿಕೊಟ್ಟೆ. ಇನ್ನೂ ಮೂರು ಮೀಟರ್ ಮನೆಯಲ್ಲಿದೆ. ಕೋಲಾರ ಮಾರ್ಕೆಟ್ಟಿಗೆ ಬರುವವರು ಯಾರಾದರೂ ಬೇಕು ಅಂದರೆ ಫ್ಯೂಸ್ ಹೋಲ್ಡರ್ ತಂದುಕೊಳ್ಳಿ, ಸ್ಟ್ರಿಪ್ ನಾನು ಕೊಡುತ್ತೇನೆ.